ಗಾಜಿನೊಳಗಿನ ತೋಪು

ಹೊಸ ಮನೆಯ ಮುಂದಿನ ಕೋಣೆಗೆ ಅಷ್ಟು ದೊಡ್ಡ ಕಿಟಕಿ ಇಡಿಸಿದ್ದು ನಮ್ಮತ್ತೆಯ ಸಲುವಾಗಿ.

ಬೈರಕೂರಿನಿಂದ ಸ್ವಲ್ಪ ಆಚೆಗೆ, ರಸ್ತೆಗೆ ಅಂಟಿಕೊಂಡಂತೆ ನಮ್ಮದೊಂದು ಮಾವಿನ ತೋಪಿದೆ. ಅದರ ಅಂಚಿನಲ್ಲಿದ್ದ ಹಳೆಯ ಹೆಂಚಿನ ಮನೆ ಇನ್ನೊಂದು ಮಳೆಗಾಲ ತಡೆಯುವ ಸ್ಥಿತಿಯಲ್ಲಿರಲಿಲ್ಲ. ಅದನ್ನು ಕೆಡವಿ ಅದೇ ಜಾಗದಲ್ಲಿ ಹೊಸದು ಕಟ್ಟಿಸಲು ಹೊರಟೆವು. ಕೆಲಸ ಅರ್ಧಕ್ಕೆ ಬಂದಿದ್ದಾಗ ಅತ್ತೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಕೋಲಾರದಲ್ಲಿ ಆಪರೇಷನ್ ಆಯಿತು. ಮನೆ ಮುಗಿಯುವತನಕ ಮಾಲೂರಿನಲ್ಲಿರುವ ಮಗಳ ಮನೆಯಲ್ಲಿದ್ದರು. ಮಗಳು ಚೆನ್ನಾಗಿಯೇ ನೋಡಿಕೊಂಡರು. ಆದರೂ ನಾವು ನೋಡಲು ಹೋದಾಗಲೆಲ್ಲ ಅತ್ತೆಯದು ಒಂದೇ ಮಾತು: "ತೋಪು ಹೆಂಗೈತೆ?"

ಬೆಳಗಾದರೆ ತೋಪಿಗೆ ಒಂದು ಸುತ್ತು ಹಾಕದೆ ಕಾಫಿ ಕುಡಿದವರಲ್ಲ ಅವರು. ಕಾಯಿ ಬಿಡುವ ಕಾಲದಲ್ಲಿ ಗಿಳಿಗಳನ್ನು ಓಡಿಸುತ್ತ ಅವರು ಹಾಕುವ ಕೂಗು ಬಸ್ ನಿಲ್ದಾಣದವರೆಗೂ ಕೇಳುತ್ತಿತ್ತು. ಅಂಥವರು ಮಂಚ ಹಿಡಿದರಲ್ಲ ಎಂದು ನನ್ನ ಗಂಡನಿಗೆ ಒಳಗೊಳಗೇ ಸಂಕಟ. ಕೋಲಾರದ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ಅವರಿಗೆ ಕೆಲಸ. ಒಂದು ಸಂಜೆ ಕೆಲಸ ನಡೆಯುತ್ತಿದ್ದ ಜಾಗಕ್ಕೆ ಬಂದವರು ಬ್ಯಾಗನ್ನೂ ಇಳಿಸದೆ ಮೇಸ್ತ್ರಿಯನ್ನು ಕರೆದು, ಮುಂದಿನ ಕೋಣೆಯ ಗೋಡೆಯನ್ನು ಒಡೆದು ಕಿಟಕಿ ದೊಡ್ಡದು ಮಾಡಲು ಹೇಳಿದರು. "ಅಮ್ಮ ಮಲಗಿದ್ದ ಕಡೆಯಿಂದ್ಲೇ ತೋಪು ಪೂರ್ತಿ ಕಾಣ್ಬೇಕು," ಎಂದರು.

ಕಿಟಕಿಯೇನೋ ದೊಡ್ಡದಾಯಿತು. ಆದರೆ ಪಕ್ಕದಲ್ಲೇ ರಸ್ತೆ. ಹೋಗಿಬರುವವರೆಲ್ಲ ಒಳಗೆ ಇಣುಕಿದರೆ ಹಾಸಿಗೆಯಲ್ಲಿರುವ ಹೆಂಗಸಿಗೆ ಮುಜುಗರವಲ್ಲವೇ? ಮುಳಬಾಗಿಲಿನಿಂದ ಗಾಜು ಕೂರಿಸಲು ಬಂದ ಭಾಯ್ ಅದಕ್ಕೊಂದು ದಾರಿ ಹೇಳಿದರು. ಒಳಗಿನಿಂದ ನೋಡಿದರೆ ಹೊರಗಿನದೆಲ್ಲ ಕಾಣುತ್ತದೆ, ಹೊರಗಿನಿಂದ ನೋಡಿದರೆ ಕನ್ನಡಿಯ ಹಾಗೆ ಹೊಳೆಯುತ್ತದೆ, ಅಂಥ ಗಾಜು ಈಗ ಎಲ್ಲರೂ ಹಾಕಿಸುತ್ತಾರೆ ಎಂದರು. ನಮಗೂ ಸರಿ ಎನಿಸಿತು.

ಶ್ರಾವಣದಲ್ಲಿ ಗೃಹಪ್ರವೇಶವಾಯಿತು. ಅತ್ತೆಯನ್ನು ಕಾರಿನಲ್ಲಿ ಕರೆತಂದು, ಎತ್ತಿ ಆ ಕೋಣೆಯ ಮಂಚದ ಮೇಲೆ ಕೂರಿಸಿದೆವು. ಅವರು ಕಿಟಕಿಯ ಆಚೆ ಮಲಗೋಬ ಮರದಿಂದ ಹಿಡಿದು ಬೇಲಿಯ ಹತ್ತಿರದ ನಾಟಿ ಮರದವರೆಗೂ ಒಂದೊಂದನ್ನೇ ನೋಡುತ್ತ ಹೋದರು. ಆಮೇಲೆ, "ಆ ಮೂಲೆ ಮರಕ್ಕೆ ಬಂದಳಿಕೆ ಹತ್ತೈತೆ. ಯಾರೂ ನೋಡಿಲ್ವಾ?" ಎಂದರು. ನನ್ನ ಗಂಡ ನನ್ನ ಕಡೆ ತಿರುಗಿ ನಕ್ಕರು. ಅಮ್ಮ ಮೊದಲಿನ ಅಮ್ಮನೇ ಎಂಬ ನಗು ಅದು.

ಮೊದಲ ಹಕ್ಕಿ ಬಡಿದದ್ದು ಬಾಗಿಲಿನ ತೋರಣ ಇನ್ನೂ ಪೂರ್ತಿ ಒಣಗಿರದ ದಿನಗಳಲ್ಲಿ. ನಾನು ಬೆಳಿಗ್ಗೆ ಶಾಲೆಗೆ ಹೊರಡಲು ಸೀರೆ ಉಡುತ್ತಿದ್ದೆ. ಊರಿನ ಪ್ರಾಥಮಿಕ ಶಾಲೆಯಲ್ಲಿ ನಾನು ಟೀಚರು. ಮುಂದಿನ ಕೋಣೆಯಲ್ಲಿ 'ಧಪ್' ಎಂದು, ಯಾರೋ ಒದ್ದೆ ಬಟ್ಟೆಯ ಮುದ್ದೆ ಎಸೆದ ಹಾಗೆ ಸದ್ದಾಯಿತು. ಓಡಿಹೋದರೆ ಅತ್ತೆ ಎದೆಯ ಮೇಲೆ ಕೈಯಿಟ್ಟುಕೊಂಡು ಕಿಟಕಿಯನ್ನೇ ನೋಡುತ್ತಿದ್ದರು. ಗಾಜಿನ ಮೇಲೆ ಪುಡಿ ಮೆತ್ತಿದಂಥ ಒಂದು ಗುರುತು, ಅದರ ನಡುವೆ ಅಂಟಿಕೊಂಡ ಸಣ್ಣ ಪುಕ್ಕ. ಹೊರಗೆ ಹೋಗಿ ನೋಡಿದೆ. ಒಂದು ಪಿಕಳಾರ ನೆಲದ ಮೇಲೆ ರೆಕ್ಕೆ ಹರಡಿ ಬಾಯಿ ತೆರೆದುಕೊಂಡು ಕೂತಿತ್ತು. ನಾನು ಬಗ್ಗುತ್ತಿದ್ದಂತೆ ತಡಬಡಾಯಿಸಿ ಎದ್ದು ಹಾರಿಹೋಯಿತು.

"ಏನೂ ಆಗಿಲ್ಲ ಅತ್ತೆ, ಹಾರ್ಕೊಂಡ್ ಹೋಯ್ತು," ಎಂದೆ.

"ಹೋಯ್ತಾ? ಹೋಗ್ಲಿ ಬಿಡು ಅಮ್ಮಾಯಿ," ಎಂದರು. ನಾನು ಮದುವೆಯಾಗಿ ಬಂದ ದಿನದಿಂದ ಅವರಿಗೆ 'ಅಮ್ಮಾಯಿ'ಯೇ, ಅಂದರೆ ಹುಡುಗಿ. ಅವರ ತವರು ಗಡಿಯ ಆಚೆಯದು, ಮನೆಮಾತು ತೆಲುಗು.

ಮರುದಿನ ಇನ್ನೊಂದು ಬಡಿಯಿತು. ಒಂದೆರಡು ದಿನ ಬಿಟ್ಟು ಮತ್ತೊಂದು. ಬಡಿಯುತ್ತಿದ್ದದ್ದು ಹೆಚ್ಚಾಗಿ ಬೆಳಗಿನ ಹೊತ್ತು, ಬಿಸಿಲು ಏರುವ ಮುಂಚೆ. ಕೆಲವು ಎದ್ದು ಹೋಗುತ್ತಿದ್ದವು. ಒಂದು ಬೆಳಿಗ್ಗೆ ಕಿಟಕಿಯ ಕೆಳಗೆ ಹೆಬ್ಬೆರಳಿನಷ್ಟಿದ್ದ ಸೂರಕ್ಕಿ ಸತ್ತುಬಿದ್ದಿತ್ತು. ಅದರ ಕತ್ತು ಯಾವ ಕಡೆ ತಿರುಗಿಸಿದರೆ ಆ ಕಡೆ ವಾಲುತ್ತಿತ್ತು. ಅಂಗೈಯಲ್ಲಿ ಇದ್ದೂ ಇಲ್ಲದ ಹಾಗೆ ಹಗುರ. ಅದನ್ನು ಅತ್ತೆಯ ಕಣ್ಣಿಗೆ ಬೀಳದಂತೆ ಸೆರಗಿನಲ್ಲಿ ಮುಚ್ಚಿಕೊಂಡು ಹೋದೆ. ಆದರೆ ಆ ಕಿಟಕಿಯಿಂದ ಅವರಿಗೆ ಕಾಣದೆ ಇರುವುದು ಏನಿದೆ?

ಅಷ್ಟರಲ್ಲಿ ಊರಿನ ಒಬ್ಬಿಬ್ಬರು ಹೆಂಗಸರು ಅತ್ತೆಯನ್ನು ಮಾತಾಡಿಸಲು ಬಂದು, ಹೊಸ ಮನೆಗೆ ಹೀಗೆ ಹಕ್ಕಿ ಬಂದು ಬಡಿಯುವುದು ಒಳ್ಳೆಯದಲ್ಲ, ಮನೆಯಲ್ಲಿ ಹಾಸಿಗೆ ಹಿಡಿದವರಿದ್ದರಂತೂ ಇನ್ನೂ ಕೆಟ್ಟದ್ದು ಎಂದು ಹೇಳಿಹೋದರು. ಹೇಳುವಾಗ ಅವರ ಕಣ್ಣಲ್ಲಿ ನಿಜವಾದ ಕಳವಳವಿತ್ತು. ಅದಕ್ಕೇ ಆ ಮಾತು ಅತ್ತೆಗೆ ಇನ್ನಷ್ಟು ನಾಟಿತು.

ಡಾಕ್ಟರು ಮೂಳೆ ಕೂಡಿದೆ, ಇನ್ನು ನಡೆಯಬಹುದು ಎಂದು ಹೇಳಿ ವಾರಗಳಾಗಿದ್ದವು. ವ್ಯಾಯಾಮ ಮಾಡಿಸಲು ಶ್ರೀನಿವಾಸಪುರದಿಂದ ಒಬ್ಬ ಹುಡುಗಿ ಬರುತ್ತಿದ್ದಳು. ವಾಕರ್ ಹಿಡಿಸಿ ನಿಲ್ಲಿಸಿದರೆ ಅತ್ತೆ ನಿಲ್ಲುತ್ತಿದ್ದರು. ಆದರೆ ಕಾಲು ಮುಂದಿಡಿ ಎಂದರೆ ಮೈಯೆಲ್ಲ ನಡುಗಿ ಮತ್ತೆ ಮಂಚದ ಮೇಲೆ ಕೂತುಬಿಡುತ್ತಿದ್ದರು. ಬಿದ್ದ ದಿನದ ಭಯ ಹೋಗಿರಲಿಲ್ಲ. ಆ ಹೆಂಗಸರು ಬಂದುಹೋದ ಮೇಲೆ ನಿಲ್ಲುವುದನ್ನೂ ಬಿಟ್ಟರು.

"ಸುಮ್ನೆ ಯಾಕಮ್ಮಾ ಆ ಹುಡುಗೀನ ಅಷ್ಟು ದೂರದಿಂದ ಕರೆಸ್ತೀರ? ನಂದೇನು ಇನ್ನ," ಎಂದರು ಒಂದು ದಿನ. ಸ್ವಲ್ಪ ಹೊತ್ತು ಬಿಟ್ಟು, ಅಡುಗೆಗೆ ಏನು ಎಂದು ಕೇಳುವಷ್ಟೇ ಸಲೀಸಾಗಿ, "ಬೀರುವಿನಲ್ಲಿ ಹಸಿರು ಸೀರೆ ಐತಲ್ಲ, ದೊಡ್ಡಂಚಿಂದು, ಅದನ್ನ ಬೇರೆ ತೆಗೆದಿಡು. ನಂಗೆ ಅದನ್ನೇ ಉಡಿಸ್ಬೇಕು," ಎಂದರು.

"ಏನು ಅತ್ತೆ ಮಾತಾಡ್ತಿದೀರ?"

"ಕರ್ಕೊಂಡ್ ಹೋಗಕ್ಕೆ ಬರ್ತಾ ಐತೆ ಕಣೇ. ದಿನಾ ಬಂದು ಬಾಗಿಲು ತಟ್ತಾ ಐತೆ. ನಂಗೆ ಗೊತ್ತಾಗಲ್ವಾ?"

ಆವತ್ತು ಶಾಲೆಯಲ್ಲಿ ಮಕ್ಕಳಿಗೆ ಮಗ್ಗಿ ಹೇಳಿಸುತ್ತಿದ್ದರೂ ನನ್ನ ಕಿವಿಯಲ್ಲಿ ಅದೇ ಮಾತು. ಸಂಜೆ ಗಂಡನಿಗೆ ಹೇಳಿದೆ. ಅವರು ತಲೆ ತಗ್ಗಿಸಿ ಕೂತರು. ಅಮ್ಮ ಖುಷಿಯಾಗಿರಲಿ ಎಂದು ಗೋಡೆ ಒಡೆಸಿದ ಮನುಷ್ಯ ಇನ್ನೇನು ಮಾಡಿಯಾರು!

ಮೊದಲು ಪರದೆ ಎಳೆದು ನೋಡಿದೆವು. ಕೋಣೆ ಕತ್ತಲಾಯಿತು. ಅತ್ತೆ ಗೋಡೆಗೆ ಮುಖ ಮಾಡಿ ಮಲಗಿದರು, ಊಟ ಬೇಡವೆಂದರು. ಇಷ್ಟಾದರೂ ಹಕ್ಕಿ ಬಡಿಯುವುದು ನಿಲ್ಲಲಿಲ್ಲ. ಒಳಗೆ ಪರದೆಯಿದ್ದರೂ ಹೊರಗಡೆ ಗಾಜು ಹೊಳೆಯುತ್ತಲೇ ಇರುತ್ತದೆಂದು ನಮಗೆ ಆಗ ಹೊಳೆಯಲಿಲ್ಲ. ಪರದೆ ತೆಗೆದೆವು. ನನ್ನ ಗಂಡ ಕಪ್ಪು ಕಾಗದದಲ್ಲಿ ಒಂದು ಗಿಡುಗವನ್ನು ಕತ್ತರಿಸಿ ಗಾಜಿಗೆ ಒಳಗಿನಿಂದ ಅಂಟಿಸಿದರು. ಬಹಳ ಶ್ರದ್ಧೆಯಿಂದ ಮಾಡಿದ್ದ ಗಿಡುಗ ಅದು, ಬಾಗಿದ ಕೊಕ್ಕು, ಅಗಲ ರೆಕ್ಕೆ. ಮರುದಿನ ಬೆಳಿಗ್ಗೆ ಒಂದು ಗೊರವಂಕ ಅದರ ರೆಕ್ಕೆಯ ಪಕ್ಕಕ್ಕೇ ಬಂದು ಬಡಿಯಿತು. ಅಂಥ ದುಃಖದಲ್ಲೂ ಅತ್ತೆ, "ನಿನ್ನ ಗಿಡುಗಕ್ಕೆ ಯಾರೂ ಹೆದರ್ತಿಲ್ಲ ಕಣೋ," ಎಂದರು.

ಗಾಜಿನ ಭಾಯಿಗೆ ಫೋನ್ ಮಾಡಿದೆವು. ಗಾಜು ಒಡೆದಿದೆಯೇನೋ ಎಂದುಕೊಂಡು ಅವರು ಗಾಬರಿಯಿಂದ ಬಂದರು. ವಿಷಯ ಕೇಳಿ, ಗಾಜಿನ ಮೇಲೆ ಕೈಯಾಡಿಸಿ ನೋಡಿ, "ಅರೆ ಮೇಡಂ, ಗಾಜಲ್ಲಿ ಏನೂ ಐಬ್ ಇಲ್ಲ ನೋಡಿ. ಎಷ್ಟು ಸಾಫ್ ಐತೆ ಅಂದ್ರೆ ಪಾಪ ಅವಕ್ಕೆ ಗೊತ್ತೇ ಆಗ್ತಿಲ್ಲ," ಎಂದರು. ದನಿಯಲ್ಲಿ ಕೊಂಚ ಹೆಮ್ಮೆಯೂ ಇತ್ತು. ಆದರೆ ಆ ಬೆಳಿಗ್ಗೆ ಸತ್ತಿದ್ದ ಇನ್ನೊಂದು ಸೂರಕ್ಕಿ ಕಿಟಕಿಯ ಕೆಳಗೇ ಬಿದ್ದಿತ್ತು. ಅದನ್ನು ನೋಡಿ ಅವರು ಬಗ್ಗಿ ಎತ್ತಿಕೊಂಡು, ರೆಕ್ಕೆ ಸರಿಮಾಡಿ, "ಯಾ ಅಲ್ಲಾ," ಎಂದು ಮೆಲ್ಲಗೆ ಹೇಳಿ ಮಲಗೋಬ ಮರದ ಬುಡದಲ್ಲಿ ಗಾಜು ಕೆರೆಯುವ ಪಟ್ಟಿಯಿಂದಲೇ ಮಣ್ಣು ತೋಡಿ ಹೂತರು.

"ಬೇರೆ ಗಾಜು ಹಾಕೋಣ. ಮಂಜು ಗಾಜು. ಇಲ್ಲಾಂದ್ರೆ ಹೊರಗಡೆ ಕಬ್ಬಿಣದ ಜಾಲರಿ ಹೊಡೆದುಬಿಡ್ತೀನಿ," ಎಂದರು.

ಒಳಗಿನಿಂದ ಅತ್ತೆಗೆ ಎಲ್ಲ ಕೇಳಿಸುತ್ತಿತ್ತು. "ನನ್ನ ಜೈಲಿಗೆ ಹಾಕ್ತೀಯೇನಪ್ಪಾ?" ಎಂದು ಕೂಗಿದರು. ಭಾಯ್ ಕಿಟಕಿಯ ಹತ್ತಿರ ಹೋಗಿ, ಒಳಗಿದ್ದವರು ತಮಗೆ ಕಾಣದಿದ್ದರೂ ಅಂದಾಜಿನಲ್ಲಿ ಕೈಮುಗಿದು, "ಇಲ್ಲಮ್ಮಾ, ನೀವು ಹೇಳಿದ ಹಂಗೇ ಆಗ್ಲಿ," ಎಂದು ಹೊರಟರು.

ಇದೆಲ್ಲ ಮಾಲೂರಿಗೂ ತಲುಪಿತು. ನನ್ನ ಗಂಡನ ಅಕ್ಕ ಫೋನ್ ಮಾಡಿ, "ಆ ಮನೇಲಿ ಅಮ್ಮನ್ನ ಇಡ್ಬೇಡಿ. ಶನಿವಾರ ಕಾರು ಮಾಡ್ಕೊಂಡು ಬರ್ತೀನಿ. ಕರ್ಕೊಂಡು ಹೋಗ್ತೀನಿ," ಎಂದರು. ಅತ್ತೆಗೆ ಹೇಳಿದಾಗ ಬೇಡವೆನ್ನುತ್ತಾರೆ ಎಂದುಕೊಂಡಿದ್ದೆ. ಅವರು, "ಎಲ್ಲಾದ್ರೇನು," ಎಂದಷ್ಟೇ ಅಂದರು. ಆ ಮಾತಿಗೆ ನನಗೆ ಹೆಚ್ಚು ಹೆದರಿಕೆಯಾಯಿತು. ತೋಪನ್ನು ಬಿಟ್ಟು ಹೋಗಲು ಅವರು ಜಗಳವಾಡದೆ ಒಪ್ಪುವುದೆಂದರೆ!

ಆ ಶನಿವಾರ ಹಬ್ಬದ ರಜೆಯಾಗಿ ನನಗೆ ಶಾಲೆಯಿರಲಿಲ್ಲ. ಹಿಂದಿನ ದಿನ ಚೆನ್ನಾಗಿ ಮಳೆ ಬಂದು ಹೊಳವಾಗಿತ್ತು. ಗಂಡ ಹಾಲು ತರಲು ಊರಿನೊಳಕ್ಕೆ ಹೋಗಿದ್ದರು. ಅತ್ತೆಗೆ ಕಾಫಿ ಕೊಟ್ಟು, ಅವರ ಬಟ್ಟೆಗಳನ್ನು ಬ್ಯಾಗಿಗೆ ತುಂಬಿಟ್ಟು, ನಾನು ಹಿತ್ತಲಲ್ಲಿ ಬೋರ್ ಹಾಕಿ ತೊಟ್ಟಿಗೆ ನೀರು ಬಿಡುತ್ತಿದ್ದೆ. ನೀರಿನ ಸದ್ದಿಗೆ ಬೇರೇನೂ ಕೇಳಿಸುತ್ತಿರಲಿಲ್ಲ. ತೊಟ್ಟಿ ತುಂಬಿ, ಮೋಟಾರು ಆರಿಸಿದಾಗ ಅತ್ತೆಯ ಕೂಗು ಕಿವಿಗೆ ಬಿತ್ತು.

ಅವರು ಕೂಗುತ್ತಿದ್ದ ರೀತಿ ಕೇಳಿ ಓಡಿದೆ. ಮುಂದಿನ ಕೋಣೆಗೆ ಬಂದರೆ ಮಂಚ ಖಾಲಿ. ಹೊದಿಕೆ ಅರ್ಧ ನೆಲಕ್ಕೆ ಜಾರಿದೆ. ಬಿದ್ದಿದ್ದಾರೆ ಎಂದೇ ತಿಳಿದು ಮಂಚದ ಆಚೆ ಬದಿಗೆ ಹೋಗಿ ನೋಡಿದೆ. ಇಲ್ಲ. ಆಗ ಹೊರಗಿನಿಂದ ಕಬ್ಬಿಣ ನೆಲಕ್ಕೆ ಕುಟ್ಟುವ ಸದ್ದು, ಅದರ ಜೊತೆಗೆ ಅಪ್ಪಟ ತೆಲುಗಿನಲ್ಲಿ ಬೈಗುಳ.

"ಪೋವೇ! ಪೋ, ದೊಂಗ ಮೊಹಮಾ!"

ಜಗಲಿಯ ತುದಿಯಲ್ಲಿ ನಮ್ಮತ್ತೆ ನಿಂತಿದ್ದರು. ಕೂದಲು ಕೆದರಿತ್ತು. ಎರಡು ಕೈಯಲ್ಲೂ ವಾಕರನ್ನು ಹಿಡಿದು, ಎತ್ತಿ ಎತ್ತಿ ನೆಲಕ್ಕೆ ಬಡಿಯುತ್ತಿದ್ದರು. ಕಿಟಕಿಯ ಕೆಳಗೆ ಎದುರುಮನೆಯ ಕೆಂದು ಬೆಕ್ಕು ಮೈ ಕುಗ್ಗಿಸಿ ಕೂತಿತ್ತು. 'ಕಳ್ಳ ಮೂತಿ' ಎಂದು ಬೈಸಿಕೊಂಡದ್ದು ಅದೇ. ಅದರಿಂದ ಒಂದು ಮಾರು ದೂರದಲ್ಲಿ, ಒದ್ದೆ ಎಲೆಗಳ ಮೇಲೆ ಒಂದು ಹಕ್ಕಿ ಮಗ್ಗುಲಾಗಿ ಬಿದ್ದಿತ್ತು. ನಾನು ಬೆಕ್ಕಿನ ಮೇಲೆ ಚಪ್ಪಲಿ ಎಸೆದೆ. ಅದು ಬೇಲಿ ಹಾರಿ ಓಡಿತು.

"ನಿಂತ್ಕೊಂಡು ನನ್ನೇನು ನೋಡ್ತೀಯಾ? ಹಕ್ಕಿ ನೋಡೇ!" ಎಂದು ಅತ್ತೆ ನನ್ನ ಮೇಲೆ ರೇಗಿದರು.

ನನಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಹಕ್ಕಿಯನ್ನು ಎತ್ತಿಕೊಂಡೆ. ಅಂಥ ಹಕ್ಕಿಯನ್ನು ನಾನು ಎಂದೂ ನೋಡಿರಲಿಲ್ಲ. ಬೆನ್ನು ಹಸಿರು, ಎದೆ ಗಂಧದ ಬಣ್ಣ, ರೆಕ್ಕೆಯ ಮೇಲೆ ಹೊಳೆಯುವ ನೀಲಿ, ಹೊಟ್ಟೆಯ ಕೆಳಗೆ ಕುಂಕುಮ ಚೆಲ್ಲಿದಂಥ ಕೆಂಪು. ಕಣ್ಣಿನ ಮೇಲೆ ಕಾಡಿಗೆ ಎಳೆದಂಥ ದಪ್ಪ ಗೆರೆ. ಬಾಲ ಇದ್ದೂ ಇಲ್ಲದಂತಿತ್ತು. ಕಣ್ಣು ಅರ್ಧ ಮುಚ್ಚಿತ್ತು, ಆದರೆ ನನ್ನ ಬೆರಳಿನ ಅಡಿಯಲ್ಲಿ ಅದರ ಎದೆ ದಡದಡ ಹೊಡೆದುಕೊಳ್ಳುತ್ತಿತ್ತು.

"ಬದುಕೈತೆ ಅತ್ತೆ."

"ಕೊಡಿಲ್ಲಿ."

"ಮೊದ್ಲು ನೀವು ಕೂತ್ಕೊಳ್ಳಿ," ಎಂದು ಕುರ್ಚಿ ಎಳೆದುಕೊಟ್ಟೆ. ಕೂರುವಾಗಷ್ಟೇ ಅವರಿಗೆ ತಾವೆಲ್ಲಿದ್ದೇವೆ ಎಂಬುದು ಅರಿವಾದಂತೆ ಕಂಡಿತು. ಕೋಣೆಯ ಬಾಗಿಲ ಕಡೆ ತಿರುಗಿ ನೋಡಿದರು, ನಡುಮನೆಯ ಹೊಸಿಲು ನೋಡಿದರು, ತಮ್ಮ ಕಾಲುಗಳನ್ನು ನೋಡಿಕೊಂಡರು. "ನಿನ್ನ ಎಷ್ಟು ಕೂಗಿದೆ. ನೀನು ಬರ್ಲಿಲ್ಲ. ಅದು ಬಾಯಿ ಹಾಕ್ಬಿಡ್ತಿತ್ತು," ಎಂದು ಯಾರೋ ಆಕ್ಷೇಪಿಸಿದ್ದಕ್ಕೆ ಉತ್ತರ ಹೇಳುವವರ ಹಾಗೆ ಹೇಳಿದರು.

ಅಷ್ಟರಲ್ಲಿ ಗಂಡ ಹಾಲಿನ ಕ್ಯಾನು ಹಿಡಿದು ಬಂದರು. ಜಗಲಿಯ ಮೇಲೆ ಅಮ್ಮನನ್ನು ಕಂಡು ಗೇಟಿನ ಹತ್ತಿರವೇ ನಿಂತುಬಿಟ್ಟರು. "ಎತ್ಕೊಂಡು ಬಂದು ಕೂರಿಸಿದ್ಯಾ?" ಎಂದು ನನ್ನನ್ನು ಕೇಳಿದರು.

"ನಾನಲ್ಲ. ಅವರೇ ಬಂದ್ರು."

"ಅದೆಲ್ಲ ಆಮೇಲೆ ಮಾತಾಡಿ," ಎಂದು ಅತ್ತೆ ಗದರಿಸಿದರು. "ಇದಕ್ಕೇನು ಮಾಡ್ಬೇಕು ಹೇಳು. ಬಾಯಿಗೆ ನೀರು ಬಿಡ್ಲಾ?"

ಗಂಡ ತಮ್ಮ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳುವ ಮೇಷ್ಟರಿಗೆ ಫೋನ್ ಮಾಡಿ, ಹಕ್ಕಿಯ ಫೋಟೊ ಕಳಿಸಿದರು. ಮೇಷ್ಟರು ಕೂಡಲೇ ತಿರುಗಿ ಮಾಡಿದರು. ನೀರು ಬಿಡಬೇಡಿ, ಏನೂ ತಿನ್ನಿಸಬೇಡಿ. ರಟ್ಟಿನ ಡಬ್ಬಿಯಲ್ಲಿ ಬಟ್ಟೆ ಹಾಸಿ, ಗಾಳಿಗೆ ತೂತು ಮಾಡಿ, ಕತ್ತಲಲ್ಲಿ ಸುಮ್ಮನೆ ಇಡಿ. ತಲೆಗೆ ಪೆಟ್ಟಾಗಿ ಮಂಪರು ಬಂದಿರುತ್ತದೆ, ಸುಧಾರಿಸಿಕೊಂಡರೆ ತಾನೇ ಗಲಾಟೆ ಮಾಡುತ್ತದೆ, ಆಗ ಬಿಡಿ ಎಂದರು. ಅದರ ಹೆಸರು ನವರಂಗ, ಚಳಿಗೆ ಮುಂಚೆ ಉತ್ತರದ ಕಾಡುಗಳಿಂದ ನಮ್ಮ ಕಡೆಗೆ ರಾತ್ರಿಯೆಲ್ಲ ಹಾರಿಕೊಂಡು ಬರುತ್ತದೆ ಎಂದೂ ಹೇಳಿದರು.

ನನ್ನ ಗಂಡ ಹೊಸ ಬೂಟು ತಂದಿದ್ದ ಡಬ್ಬಿ ಸಿಕ್ಕಿತು. ನನ್ನ ಹಳೆಯ ಕಾಟನ್ ಸೀರೆಯ ತುಂಡು ಹಾಸಿ, ಹಕ್ಕಿಯನ್ನು ಒಳಗಿಟ್ಟು ಮುಚ್ಚಿದೆವು. ಅದನ್ನು ಒಳಗೆ ಬೀರುವಿನ ಮೇಲೆ ಇಡೋಣವೆಂದರೆ ಅತ್ತೆ ಬಿಡಲಿಲ್ಲ. ತೊಡೆಯ ಮೇಲೆ ಇಟ್ಟುಕೊಂಡು, ಎರಡೂ ಅಂಗೈಗಳನ್ನು ಮುಚ್ಚಳದ ಮೇಲೆ ಊರಿ ಕೂತರು. ಜಗಲಿಯ ಮೇಲೆ ಎಳೆಬಿಸಿಲು ಬಿದ್ದಿತ್ತು. ಎಷ್ಟೋ ತಿಂಗಳುಗಳ ಮೇಲೆ ಅವರ ಮೈಗೆ ಬಿಸಿಲು ತಾಗಿದ್ದು ಆವತ್ತೇ.

ಮಾಲೂರಿನಿಂದ ಕಾರು ಬಂತು. ಅತ್ತಿಗೆ ಕಾರಿನ ಬಾಗಿಲು ತೆಗೆಯುತ್ತಲೇ, "ಅಮ್ಮಾ!" ಎಂದು ಕೂಗಿಕೊಂಡು ಬಂದರು.

"ಶ್!" ಎಂದರು ಅತ್ತೆ. "ಬಾಯಿ ಮುಚ್ಚು. ಒಳಗೆ ಮಲಗೈತೆ."

ಅತ್ತಿಗೆ ನನ್ನ ಮುಖ ನೋಡಿದರು. ನಡೆದದ್ದನ್ನು ಪಿಸುದನಿಯಲ್ಲಿ ಹೇಳಿದೆ. ಅವರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಅಮ್ಮನ ಕಾಲ ಬಳಿ ಮೆಟ್ಟಿಲ ಮೇಲೆ ಕೂತರು. ಡಬ್ಬಿಯೊಳಗಿಂದ ಸದ್ದಿಲ್ಲ. ಒಮ್ಮೆ ಮುಚ್ಚಳ ತೆಗೆದು ನೋಡೋಣವೆಂದು ನಾನು ಕೈ ಚಾಚಿದರೆ ಅತ್ತೆ ಕೈಮೇಲೆ ಹೊಡೆದರು. ಸತ್ತಿದ್ದರೆ? ನನ್ನ ತಲೆಯಲ್ಲಿ ಅದೊಂದೇ. ಇದೂ ಸತ್ತರೆ, ಅದೂ ಅವರ ಮಡಿಲಲ್ಲೇ ಸತ್ತರೆ, ಅತ್ತೆ ಮತ್ತೆ ಆ ಮಂಚದಿಂದ ಏಳುವುದಿಲ್ಲ.

ಇಡ್ಲಿ ಬೇಯಿಸಿ ತಂದಿಟ್ಟಿದ್ದೆ, ಯಾರೂ ಮುಟ್ಟಿರಲಿಲ್ಲ. ಆಗ ಡಬ್ಬಿಯೊಳಗೆ ಕರಪರ ಎಂದಿತು. ಅತ್ತೆ ಬೆಚ್ಚಿ ಕೈ ತೆಗೆದು ಮತ್ತೆ ಇಟ್ಟರು. ಮತ್ತೆ ಸದ್ದು, ಈ ಸಲ ಜೋರಾಗಿ. ಮುಚ್ಚಳಕ್ಕೆ ಒಳಗಿನಿಂದ ಏನೋ ಬಡಿಯಿತು.

"ಬಿಡೋಣಮ್ಮ," ಎಂದರು ನನ್ನ ಗಂಡ.

"ಈ ಗಾಜಿನ ಮುಂದೆ ಬೇಡ," ಎಂದರು ಅತ್ತೆ. "ತೋಪಿನೊಳಗೆ."

ವಾಕರ್ ಹಿಡಿದು ಎದ್ದರು. ಒಂದು ಕಡೆ ಮಗ, ಇನ್ನೊಂದು ಕಡೆ ಮಗಳು. ಡಬ್ಬಿ ಹಿಡಿದುಕೊಂಡು ನಾನು ಹಿಂದೆ. ಜಗಲಿಯಿಂದ ಒಂದೇ ಮೆಟ್ಟಿಲು, ಅದನ್ನು ನಿಧಾನವಾಗಿ ಇಳಿದರು. ಮಳೆಗೆ ನೆಲ ಮೆತ್ತಗಿತ್ತು, ವಾಕರಿನ ಕಾಲು ಹೂತುಕೊಳ್ಳುತ್ತಿತ್ತು. ಅತ್ತೆ ಅದನ್ನು ಕಿತ್ತು ಕಿತ್ತು ಮುಂದಿಟ್ಟು, ಮಲಗೋಬ ಮರದ ನೆರಳಿನವರೆಗೂ ಹೋದರು. ಅಲ್ಲಿ ನಿಂತು, ನನ್ನ ಕೈಯಲ್ಲಿದ್ದ ಡಬ್ಬಿಯ ಮುಚ್ಚಳವನ್ನು ತಾವೇ ತೆಗೆದರು.

ಹಕ್ಕಿ ತಕ್ಷಣ ಹಾರಲಿಲ್ಲ. ಡಬ್ಬಿಯ ಅಂಚಿಗೆ ಹತ್ತಿ ಕೂತು, ಕತ್ತು ಆ ಕಡೆ ಈ ಕಡೆ ತಿರುಗಿಸಿತು. ನೆಲಕ್ಕೆ ಕುಪ್ಪಳಿಸಿತು. ತರಗೆಲೆಯ ನಡುವೆ ಒಂದಿಷ್ಟು ದೂರ ಜಿಗಿಯುತ್ತ ಹೋಗಿ, ರೆಕ್ಕೆ ಬಿಚ್ಚಿ ಒಂದು ತಗ್ಗಿನ ಕೊಂಬೆಯ ಮೇಲೆ ಕೂತಿತು. ಬಿಸಿಲಿನಲ್ಲಿ ಆ ನೀಲಿ ಫಳ್ ಎಂದು ಹೊಳೆಯಿತು. ಆಮೇಲೆ ತೋಪಿನ ಒಳಗಡೆಗೆ ಹೊರಟುಹೋಯಿತು.

ಅತ್ತೆ ಆ ಕಡೆಯೇ ನೋಡುತ್ತಿದ್ದರು. "ಎಲ್ಲಿಂದ್ಲೋ ಬಂದಿತ್ತು, ಪಾಪಂ," ಎಂದರು. "ಅದಕ್ಕೇನು ಗೊತ್ತು ನಾನು ಯಾರು ಅಂತ. ದಾರಿ ಅನ್ಕೊಂಡು ನುಗ್ಗೈತೆ ಅಷ್ಟೇ." ಸ್ವಲ್ಪ ಹೊತ್ತಿಗೆ, "ಕಾಲು ನೋಯ್ತಾ ಐತೆ. ಕುರ್ಚಿ ಇಲ್ಲಿಗೇ ತಾ. ಇಡ್ಲಿನೂ ಇಲ್ಲಿಗೇ ತಾ," ಎಂದರು.

ಅಂದು ನಾವೆಲ್ಲ ಮರದ ಕೆಳಗೇ ತಿಂಡಿ ತಿಂದೆವು.

ಕೈ ತೊಳೆದುಕೊಂಡು ಬಂದ ಅತ್ತಿಗೆ ಕಿಟಕಿಯ ಮುಂದೆ ನಿಂತು, ಅದನ್ನೇ ಕನ್ನಡಿ ಮಾಡಿಕೊಂಡು ಕೂದಲು ಸರಿಮಾಡಿಕೊಳ್ಳುತ್ತಿದ್ದರು. ಇದ್ದಕ್ಕಿದ್ದಂತೆ, "ಇಲ್ಲಿ ಬಂದು ನೋಡ್ರೋ. ಇಲ್ಲಿಂದ ನೋಡಿದ್ರೆ ಗಾಜೇ ಇಲ್ಲ. ಮನೆಯೊಳಗೂ ತೋಪೇ ಇರೋ ಹಂಗೈತೆ," ಎಂದು ಕರೆದರು.

ನಾನೂ ಗಂಡನೂ ಹೋಗಿ ಪಕ್ಕದಲ್ಲಿ ನಿಂತೆವು. ಹೌದು. ಮಲಗೋಬ ಮರ, ಅದರ ಹಿಂದಿನ ಸಾಲು, ಅದರಾಚೆಯ ಆಕಾಶ, ಎಲ್ಲವೂ ಗಾಜಿನೊಳಗೆ ಆಳವಾಗಿ ನಿಂತಿದ್ದವು. ಆ ಕೊಂಬೆಯ ಮೇಲೆ ಹೋಗಿ ಕೂರಬಹುದು ಎಂದು ನನಗೇ ಅನಿಸಿತು. ಒಳಗಿನಿಂದ ಅಂಟಿಸಿದ್ದ ಗಂಡನ ಗಿಡುಗ ಹೊರಗೆ ಕಾಣಿಸುತ್ತಲೇ ಇರಲಿಲ್ಲ. "ಅಷ್ಟು ಕಷ್ಟಪಟ್ಟು ಮಾಡಿದ್ದೆ," ಎಂದು ಅವರು ಹೇಳಿದ್ದಕ್ಕೆ ಅತ್ತಿಗೆ ಬಿದ್ದು ಬಿದ್ದು ನಕ್ಕರು. ಏನೇ ಕಟ್ಟಿದರೂ ಗಾಜಿನ ಹೊರಗಡೆ ಕಟ್ಟಬೇಕು, ಅದೂ ಒಳಗಿನವರ ಕಣ್ಣಿಗೆ ತೋಪು ಮರೆಯಾಗದ ಹಾಗೆ.

ಮೇಷ್ಟರನ್ನು ಮತ್ತೆ ಕೇಳಿದಾಗ, ಗಾಜಿನ ಮುಂದೆ ಸಾಲಾಗಿ ದಾರ ಇಳಿಬಿಟ್ಟು ನೋಡಿ, ನಡುವೆ ನಾಲ್ಕು ಬೆರಳಿಗಿಂತ ಜಾಸ್ತಿ ಜಾಗ ಬಿಡಬೇಡಿ ಎಂದರು. ದಾರಕ್ಕೇನು ನಮ್ಮೂರಲ್ಲಿ ಬರವೇ? ಟೊಮೆಟೊ ಗಿಡಗಳನ್ನು ಕೋಲಿಗೆ ಎತ್ತಿ ಕಟ್ಟುವ ಹುರಿಯ ಉಂಡೆ ಪ್ರತಿ ಮನೆಯ ಮೂಲೆಯಲ್ಲೂ ಬಿದ್ದಿರುತ್ತದೆ. ನನ್ನ ಗಂಡ ಏಣಿ ಹತ್ತಿ, ಕಿಟಕಿಯ ಮೇಲಿನ ಸಜ್ಜದ ಉದ್ದಕ್ಕೂ ಒಂದು ತೆಳು ಪೈಪು ಕಟ್ಟಿದರು. ಅತ್ತಿಗೆ ಹುರಿ ಅಳೆದು ಕತ್ತರಿಸಿದರು, ನಾನು ಗಂಟು ಹಾಕಿದೆ. ಅತ್ತೆ ಮರದ ಕೆಳಗಿನ ಕುರ್ಚಿಯಲ್ಲೇ ಕೂತು, "ಆ ದಾರ ಸೊಟ್ಟ ಐತೆ. ಅಲ್ಲೊಂದು ಬಿಟ್ಟಿದೀಯ," ಎಂದು ಅಪ್ಪಣೆ ಕೊಡುತ್ತಿದ್ದರು. ಸಂಜೆಯ ಹೊತ್ತಿಗೆ ಕಿಟಕಿಯ ತುಂಬ ಹುರಿಗಳ ಸಾಲು ಗಾಳಿಗೆ ತೂಗಾಡುತ್ತಿತ್ತು. ಒಳಗೆ ಹೋಗಿ ಮಂಚದ ಮೇಲೆ ಮಲಗಿ ನಾನೇ ನೋಡಿದೆ. ದೂರದ ಮಳೆಯ ಗೆರೆಗಳ ಹಾಗೆ ತೆಳ್ಳಗೆ ಕಾಣುತ್ತಿದ್ದವು. ಹಿಂದೆ ತೋಪು ತೋಪಾಗಿಯೇ ಇತ್ತು.

ಆ ದಿನ ಮಾಲೂರಿಗೆ ಕಾರು ಅತ್ತೆಯಿಲ್ಲದೆಯೇ ಹಿಂತಿರುಗಿತು.

ಮರುದಿನ ಬೆಳಿಗ್ಗೆ ನಾವು ಮೂವರೂ ಮಂಚದ ಅಂಚಿನಲ್ಲಿ ಕಾಫಿ ಲೋಟ ಹಿಡಿದು ಕೂತೆವು. ಬಿಸಿಲು ಏರುವ ಮುಂಚಿನ ಅದೇ ಹೊತ್ತು. ಒಂದು ಪಿಕಳಾರ ಮಲಗೋಬ ಮರದಿಂದ ಹೊರಟು ನೇರ ನಮ್ಮ ಕಡೆಗೇ ಬಂತು. ಅತ್ತೆ ನನ್ನ ಮಣಿಕಟ್ಟು ಹಿಡಿದುಕೊಂಡರು. ಗಾಜು ಇನ್ನೇನು ಸಿಕ್ಕಿತು ಎನ್ನುವಾಗ ಅದು ಸರಕ್ಕನೆ ಮೇಲಕ್ಕೆ ತಿರುಗಿ, ಸಜ್ಜದ ಮೇಲಿಂದ ದಾಟಿಹೋಯಿತು. ನಾವು ಸದ್ದಿಗಾಗಿ ಕಾದೆವು. ಸದ್ದು ಬರಲಿಲ್ಲ. ಅತ್ತೆ ಹಿಡಿದಿದ್ದ ಕೈ ಬಿಟ್ಟು ಕಾಫಿ ಗುಟುಕರಿಸಿದರು. "ಸಕ್ಕರೆ ಕಮ್ಮಿ ಐತೆ," ಎಂದರು. ನಾನು ಎದ್ದುಹೋಗಿ ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಒಂದಿಷ್ಟು ಅತ್ತು, ಸಕ್ಕರೆ ಡಬ್ಬಿ ತಂದೆ.

ಪೂರ್ತಿ ನಿಂತಿತೆಂದು ಹೇಳಿದರೆ ಸುಳ್ಳಾಗುತ್ತದೆ. ಮಹಡಿ ಮೆಟ್ಟಿಲಿನ ಸಣ್ಣ ಗಾಜಿಗೆ ಒಂದು ಸಲ ಒಂದು ಕುಟ್ರ ಹಕ್ಕಿ ಬಡಿದು, ತಲೆ ಕೊಡವಿಕೊಂಡು ಹೋಯಿತು. ಅಲ್ಲಿಗೂ ಹುರಿ ಕಟ್ಟಿದೆವು. ಗಾಜಿನ ಭಾಯ್ ಒಂದು ದಿನ ಆ ದಾರಿಯಲ್ಲಿ ಹೋಗುತ್ತಿದ್ದವರು ಸ್ಕೂಟರ್ ನಿಲ್ಲಿಸಿ ನೋಡಿ, "ಇದೇನ್ರೀ, ನನ್ನ ಗಾಜಿಗೆ ಸೆಹ್ರಾ ಕಟ್ಟಿದೀರ?" ಎಂದು ನಕ್ಕರು. ಮದುಮಗನ ಮುಖಕ್ಕೆ ಇಳಿಬಿಡುವ ಹೂವಿನ ಸರದಂತೆ ಕಂಡಿತಂತೆ ಅವರಿಗೆ. ಅತ್ತೆ ಅವರನ್ನು ಒಳಗೆ ಕರೆದು ಟೀ ಕುಡಿಸಿ ಕಳಿಸಿದರು.

ಶ್ರೀನಿವಾಸಪುರದ ಹುಡುಗಿ ಮತ್ತೆ ಬರತೊಡಗಿದಳು. ಅವಳ ಕೈಯಲ್ಲಿ ಅತ್ತೆ ಮೊದಲು ವಾಕರ್, ಆಮೇಲೆ ಊರುಗೋಲು ಹಿಡಿದು ನಡೆಯುವುದನ್ನು ಕಲಿತರು. ನೋವಾದ ದಿನ ಅವಳನ್ನು ಚೆನ್ನಾಗಿ ಬೈಯುತ್ತಿದ್ದರು, ಹೋಗುವಾಗ ಚೀಲಕ್ಕೆ ಹಿತ್ತಲಿನ ನುಗ್ಗೆಕಾಯಿ ತುಂಬಿಸುತ್ತಿದ್ದರು. ಮಾವು ಹೂ ಬಿಡುವ ಹೊತ್ತಿಗೆ ಅವರು ತೋಪಿನ ಮೊದಲ ಸಾಲಿನವರೆಗೂ ಒಬ್ಬರೇ ಹೋಗಿಬರುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದರೆ, "ಹೋಗೇ, ನಿನ್ನ ಸ್ಕೂಲಿಗೆ ಹೊತ್ತಾಗಲ್ವಾ?" ಎನ್ನುತ್ತಿದ್ದರು.

ಆ ವರ್ಷದ ಬೇಸಿಗೆಯಲ್ಲಿ ಅವರ ತಂಗಿಯ ಮೊಮ್ಮಗಳ ಮದುವೆ ಬಂತು. ಕಾರು ಮಾಡೋಣವೆಂದರೆ ಬೇಡ, ಎಲ್ಲರ ಜೊತೆ ಬಸ್ಸಿನಲ್ಲೇ ಹೋಗೋಣ ಎಂದು ಹಟ ಮಾಡಿದರು. ಮನೆಗೆ ಬೀಗ ಹಾಕಿಕೊಂಡು ಮೂವರೂ ಹೋದೆವು. ಮದುವೆಯ ಮನೆಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ತಾವು ಬಿದ್ದದ್ದು, ಎದ್ದದ್ದು, ಬೆಕ್ಕನ್ನು ಓಡಿಸಿದ್ದು ಎಲ್ಲವನ್ನೂ ಹೇಳಿದರು. ಒಬ್ಬೊಬ್ಬರಿಗೆ ಹೇಳುವಾಗಲೂ ಬೆಕ್ಕು ಇನ್ನಷ್ಟು ದೊಡ್ಡದಾಗುತ್ತಿತ್ತು. ಪಂಕ್ತಿಯಲ್ಲಿ ಕೂತು ಹೋಳಿಗೆ ಹಾಕಿಸಿಕೊಂಡು ತಿಂದರು, ಇನ್ನೊಂದು ಹಾಕಿಸಿಕೊಂಡರು. ವಾಪಸು ಬರುವಾಗ ಬಸ್ಸಿನ ಕುಲುಕಾಟಕ್ಕೆ ನನ್ನ ಭುಜಕ್ಕೆ ಒರಗಿ ನಿದ್ದೆಹೋದರು. ಬಾಯಲ್ಲಿ ಇನ್ನೂ ಎಲೆಯಡಿಕೆಯ ವಾಸನೆಯಿತ್ತು. ಊರು ಹತ್ತಿರ ಬಂದರೂ ನಾನು ಎಬ್ಬಿಸಲಿಲ್ಲ, ಬಸ್ಸು ನಿಂತ ಮೇಲೆಯೇ ಎಬ್ಬಿಸಿದೆ.